ಕಾಡಿಗೆಯ ಕೂದಲು

"ಗುರುಗಳೇ, ಈ ಬಿಳಿ ಪಂಚೇಲಿ ಹೋದ್ರೆ ಯಾರು ನನ್ನ ಮಾತು ಕೇಳ್ತಾರೆ? ನಾಳೆ ಒಂದಿನಕ್ಕಾದ್ರೂ ಕಾವಿ ಕೊಡಬಾರ್ದಾ?" ಅಂತ ಕೇಳಿದ ಶಿಷ್ಯ ಮರುಳಪ್ಪ.

ಬೆಳಗಾದ್ರೆ ಪಕ್ಕದೂರಲ್ಲಿ ಅವನ ಮೊದಲನೇ ಪ್ರವಚನ. ಗುರುಗಳು ಕೂತ್ಕೋ ಅಂದು ಕತೆ ಶುರು ಮಾಡಿದ್ರು.

ಒಬ್ಬ ಕುರಿಗಾರ ಇದ್ನಂತೆ. ಅವನ ಸೀಮೇಲಿ ಕುರಿನಾಯಿ ಅಂದ್ರೆ ಒಂದೇ ತಳಿ, ಆದ್ರೆ ಒಂದೇ ಸೂಲಲ್ಲಿ ಕೆಂದು, ಬಿಳಿ, ಬೂದಿ, ಹುಲಿಪಟ್ಟೆ ಎಲ್ಲ ಹುಟ್ತಿದ್ವು. ಒಂದಕ್ಕೆ ಮೈಗಂಟಿದ ಗಿಡ್ಡ ಕೂದಲಾದ್ರೆ ಇನ್ನೊಂದಕ್ಕೆ ನೆಲ ಗುಡಿಸೋ ಉದ್ದ ಕೂದಲು. ಬೇರೆಯವರು ಕೈಗೆ ಸಿಕ್ಕಿದ ಮರಿ ಎತ್ಕೊಂಡು ಹೋದ್ರು. ಇವನು ಒಂದೊಂದನ್ನೂ ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ಮದುವೆ ಸೀರೆ ಆರಿಸೋ ಹಾಗೆ ಆರಿಸಿ, ಉದ್ದಗೂದಲಿನ ಕಪ್ಪು ಮರಿ ತಂದ. ಕಾಡಿಗೆ ಅಂತ ಹೆಸರಿಟ್ಟ. ಕಪ್ಪು ಕುರಿಗಳ ಮಧ್ಯೆ ಕಪ್ಪು ನಾಯಿ ಇದ್ರೆ ತೋಳಕ್ಕೆ ಯಾವ್ದು ಯಾವ್ದೋ ತಿಳೀದೆ ತಲೆ ಕೆಡುತ್ತೆ ಅನ್ನೋದು ಅವನ ವಾದ. ದಿನಾ ಅದನ್ನ ಮಲಗಿಸ್ಕೊಂಡು ಬಾಚ್ತಿದ್ದ. ಆ ಬಾಚಣಿಗೆ ಹೆಂಡ್ತಿ ಕೇಳಿದ್ರೂ ಕೊಡ್ತಿರಲಿಲ್ಲ.

ತೋಳ ಬರಲಿಲ್ಲ. ಉಣ್ಣೆ ಕತ್ತರಿಸೋನು ಬಂದ.

ಕುರಿಗಾರ ಬುತ್ತಿ ತರೋಕೆ ಹೋಗಿದ್ದ. ಕತ್ತರಿಸೋನು ಒಂದಾದ ಮೇಲೊಂದು ಕುರಿ ಎಳ್ಕೊಂಡು ಬೋಳಿಸ್ತಾ ಬಂದವನು, ಅವುಗಳ ಮಧ್ಯೆ ನಿದ್ದೆ ಹೊಡೀತಿದ್ದ ಕಾಡಿಗೆಯನ್ನೂ ಎಳ್ಕೊಂಡ. ಅದು ಬಾಚೋಕೆ ಬಂದ್ರು ಅಂದ್ಕೊಂಡು ಕಾಲು ಚಾಚಿ, ಆ ಮಗ್ಗುಲಾದ ಮೇಲೆ ಈ ಮಗ್ಗುಲನ್ನ ತಾನೇ ತಿರುಗಿಸ್ಕೊಡ್ತು. ಮೂತಿ ಹತ್ರ ಬಂದಾಗ್ಲೇ ಇದು ಕುರಿ ಅಲ್ಲ, ನಾಯಿ ಅಂತ ಅವನಿಗೆ ಗೊತ್ತಾಗಿದ್ದು. ಅರ್ಧಕ್ಕೆ ಬಿಟ್ರೆ ಇನ್ನೂ ಅಸಹ್ಯ ಅಂತ ಪೂರ್ತಿ ಮುಗಿಸಿ, ಕತ್ತರಿ ತಾಗಿದ ಕಡೆಗೆಲ್ಲ ಅರಿಶಿನದೆಣ್ಣೆ ಬಳಿದು, ಮರದ ಹಿಂದೆ ಹೋಗಿ ನಿಂತ.

ಕುರಿಗಾರ ಬಂದು ನೋಡ್ತಾನೆ, ಹಟ್ಟೀಲಿ ಯಾವ್ದೋ ಬೋಳು ಹಳದಿ ನಾಯಿ. ಮಣ್ಣಿನ ಹೆಂಟೆ ಎಸೆದ. ನಾಯಿ ಓಡ್ತು, ಅದರ ಹಿಂದೆ ಇಡೀ ಹಿಂಡು ಎದ್ದು ತೋಳದ ಗುಡ್ಡದ ಕಡೆ ಓಡ್ತು. ಹಿಂಡನ್ನ ತಿರುಗಿಸೋಕೆ ಇವನು ಕಾಡಿಗೇ, ಕಾಡಿಗೇ ಅಂತ ಕೂಗಿದ. ಹಳದಿ ನಾಯಿ ಗಕ್ಕನೆ ತಿರುಗಿ, ಒಂದು ಮರೀನೂ ಬಿಡದೆ ಹಿಂಡನ್ನ ತಂದು ನಿಲ್ಲಿಸಿ ಬಾಲ ಅಲ್ಲಾಡಿಸ್ತು. ನಿನ್ನನ್ಯಾರು ಕರೆದ್ರು ಅಂತ ಕೋಲು ಬೀಸಿದ. ಮತ್ತೆ ನಾಯಿ ಗುಡ್ಡಕ್ಕೆ, ಹಿಂಡೂ ಗುಡ್ಡಕ್ಕೆ. ಮತ್ತೆ ಕೂಗು, ಮತ್ತೆ ಹಟ್ಟಿಗೆ. ಹೊತ್ತು ಇಳೀತು, ಗಂಟಲು ಕಟ್ತು, ಬುತ್ತಿ ಹಳಸ್ತು.

ಕೊನೆಗೆ ಮರದ ಹಿಂದಿನಿಂದ ಕತ್ತರಿಸೋನು ಅಂದ, "ಅಣ್ಣಾ, ಕರೆಯೋನೂ ನೀನೇ, ಓಡ್ಸೋನೂ ನೀನೇ. ಅದು ಏನ್ ಮಾಡ್ಬೇಕು ಹೇಳು?"

ಕುರಿಗಾರ ಎತ್ತಿದ ಕೋಲು ಹಾಗೇ ನಿಲ್ತು. ನಾಯಿ ಅವನ ಮುಂದೆ ಮಲಗಿ, ಬಾಚು ಅಂತ ಕಾಲು ಚಾಚ್ತು.

ಮರುಳಪ್ಪ ಬಿದ್ದೂ ಬಿದ್ದೂ ನಕ್ಕ. ಕಣ್ಣೊರೆಸ್ಕೊಂಡು, ಆಮೇಲೆ ಅದಕ್ಕೆ ಕೂದಲು ಬಂತಾ ಗುರುಗಳೇ ಅಂತ ಕೇಳಿದ.

"ಬಂತಪ್ಪಾ," ಅಂದ್ರು ಗುರುಗಳು, "ಆದ್ರೆ ಕೂದಲು ಹೋಗಿದ್ದೂ ಬಂದಿದ್ದೂ ಕುರಿಗಳಿಗೆ ಇವತ್ತಿಗೂ ಗೊತ್ತಿಲ್ಲ."

ಮರುಳಪ್ಪ ತನ್ನ ಬಿಳಿ ಪಂಚೆ ನೋಡ್ಕೊಂಡು, ನಾಳೆಗೆ ಅದನ್ನೇ ಒಗೆದು ಒಣಹಾಕೋಕೆ ಎದ್ದ.