ನಾನೂರ ನಲವತ್ತೊಂದು ಇಟ್ಟಿಗೆ

ಕೇಳೋ ಕಿವಿಗೆ ಬರವಿಲ್ಲದ ಕಾಲದಲ್ಲಿ ಒಂದೂರಿತ್ತಂತೆ. ಊರಿಗೆಲ್ಲ ಸಿಹಿನೀರಿನ ಬಾವಿ ಒಂದೇ. ಬಾವಿ ಪಕ್ಕ ಹುಣಸೆ ಮರ, ಮರದ ಮೇಲೆ ಒಬ್ಬ ಬ್ರಹ್ಮರಾಕ್ಷಸ. ಬದುಕಿದ್ದಾಗ ಅವನು ದೊಡ್ಡ ಲೆಕ್ಕದ ಪಂಡಿತನಂತೆ. ಕಲಿತದ್ದನ್ನ ಒಬ್ಬರಿಗೂ ಹೇಳಿಕೊಡದೆ ಸತ್ತ, ಅದಕ್ಕೇ ಮರ ಹತ್ತಿ ಕೂತ.

ನೀರಿಗೆ ಬಂದವರಿಗೆ ಅವನದು ಒಂದು ಲೆಕ್ಕ. ಕೊಡ ಬಾವಿಗಿಳಿದು ಮೇಲೆ ಬರೋದರೊಳಗೆ ಉತ್ತರ ಹೇಳಬೇಕು. ಹೇಳಿದರೆ ನೀರು. ಹೇಳದಿದ್ದರೆ ಅವರ ದನಿಯನ್ನೇ ಕಿತ್ತು ಸೋರೆ ಬುರುಡೆಗೆ ತುಂಬಿ ಕೊಂಬೆಗೆ ನೇತುಹಾಕುತ್ತಿದ್ದನಂತೆ. ಗೌಡರ ದನಿ ಹೋಯ್ತು, ಪೂಜಾರಿಯ ದನಿ ಹೋಯ್ತು, ಜಗಳಗಂಟಿ ಸಾಕವ್ವನ ದನಿಯೂ ಹೋಯ್ತು. ಸಾಕವ್ವನ ಸೊಸೆ ಮಾತ್ರ ಅಳಲಿಲ್ಲವಂತೆ.

ಆ ಊರಲ್ಲಿ ಇಟ್ಟಿಗೆ ಕೊಯ್ಯುವ ದೊಡ್ಡೀರಪ್ಪ ಅಂತ ಒಬ್ಬ. ಹಸಿ ಇಟ್ಟಿಗೆಯನ್ನ ಅಂಗಳದಲ್ಲಿ ಚೌಕ ಚೌಕವಾಗಿ ಹರವುತ್ತ ಮಗ್ಗಿ ಹಾಡುವುದು ಅವನ ಪದ್ಧತಿ. "ಒಂದು ಒಂದ್ಲೆ ಒಂದು, ಎರಡು ಎರಡ್ಲೆ ನಾಕು, ಮೂರು ಮೂರ್ಲೆ ಒಂಬತ್ತು." ಇಪ್ಪತ್ತೈದರ ತನಕ ತಪ್ಪಿಲ್ಲದೆ ಬರುತ್ತಿತ್ತು. ಒಣಗಿದ ಇಟ್ಟಿಗೆಯನ್ನ ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗೋ ಹಾಗೆ ಅಟ್ಟಿ ಪೇರಿಸುತ್ತಿದ್ದ. ಎದೆ ಸೆಟೆಸಿಕೊಂಡು ಬಾವಿಗೆ ಹೋದ.

"ಹತ್ತೊಂಬತ್ತು ಹತ್ತೊಂಬತ್ಲೆ?" ಅಂದ ರಾಕ್ಷಸ.

ದೊಡ್ಡೀರಪ್ಪನಿಗೆ ಮೊದಲಿಂದ ಹಾಡಿದರಷ್ಟೇ ಬರೋದು. "ಒಂದು ಒಂದ್ಲೆ ಒಂದು" ಅಂತ ಶುರುಮಾಡಿದ. ಹದಿನೈದು ಮುಗಿಯೋ ಹೊತ್ತಿಗೆ ಕೊಡ ಮೇಲೆ ಬಂತು. ದನಿ ಬುರುಡೆ ಸೇರಿತು.

ಅವನ ಮಗಳು ಹೊನ್ನಿ. ಮಾತು ಬಲು ಕಡಿಮೆ. "ಇವಳನ್ನ ಕಳಿಸ್ರೇ, ಇವಳ ದನಿ ಹೋದ್ರೂ ಯಾರಿಗೂ ಗೊತ್ತಾಗಲ್ಲ" ಅಂತ ಕೇರಿಯ ಹೆಂಗಸರು ನಕ್ಕರು. ಹೊನ್ನಿ ಸುಮ್ಮನೆ ಕೊಡ ಎತ್ತಿಕೊಂಡಳು. ಅಪ್ಪನ ಹಾಡಿಲ್ಲದ ಅಂಗಳ ಅವಳಿಗೆ ಭಣಭಣ ಅನ್ನುತ್ತಿತ್ತಂತೆ.

ಅವಳಿಗೆ ಮಗ್ಗಿ ಬಾಯಲ್ಲಿರಲಿಲ್ಲ, ಕಣ್ಣಲ್ಲಿತ್ತು. ಹನ್ನೆರಡರ ಚೌಕ ಬೇವಿನ ಬುಡದಲ್ಲಿ, ಇಪ್ಪತ್ತರದು ಕೊಟ್ಟಿಗೆ ಮುಂದೆ. ಯಾವುದು ಬೇಕೋ ನೇರ ಅಲ್ಲಿಗೇ ಹೋಗಿ ನೋಡಿದರಾಯ್ತು.

"ಇಪ್ಪತ್ತಮೂರು ಇಪ್ಪತ್ತಮೂರ್ಲೆ?" ಅಂದ ರಾಕ್ಷಸ, ಅವಳು ಬಾವಿಗೆ ಕೊಡ ಬಿಟ್ಟ ಕೂಡಲೇ.

"ಐನೂರ ಇಪ್ಪತ್ತೊಂಬತ್ತು." ಕೊಡ ಇನ್ನೂ ನೀರು ಮುಟ್ಟಿರಲಿಲ್ಲ.

"ಎಂಟು ಉದ್ದ, ಎಂಟು ಅಗಲ, ಎಂಟು ಎತ್ತರ?"

"ಐನೂರ ಹನ್ನೆರಡು."

ರಾಕ್ಷಸನಿಗೆ ಮೈ ಉರಿಯಿತು. ಚೌಕವೂ ಅಲ್ಲದ, ಅಟ್ಟಿಯೂ ಅಲ್ಲದ ಲೆಕ್ಕ ಹುಡುಕಿದ. "ಹತ್ತೊಂಬತ್ತು ಇಪ್ಪತ್ತೊಂದ್ಲೆ?"

ಹೊನ್ನಿ ಮನಸ್ಸಲ್ಲೇ ಕೊಟ್ಟಿಗೆ ಮುಂದಿನ ಇಪ್ಪತ್ತರ ಚೌಕಕ್ಕೆ ಹೋದಳು. ಒಂದು ಸಾಲು ಎತ್ತಿ ಪಕ್ಕಕ್ಕೆ ಜೋಡಿಸಿದಳು. ಕೈಯಲ್ಲಿ ಒಂದು ಇಟ್ಟಿಗೆ ಉಳೀತು.

"ನಾನೂರಕ್ಕೆ ಒಂದು ಕಡಿಮೆ, ಸ್ವಾಮಿ. ಒಂದೇ ಲೆಕ್ಕ ಅಂತ ಮಾತು, ನೀವು ಮೂರು ಕೇಳಿದ್ರಿ. ಈಗ ನಂದೊಂದು."

"ಕೇಳು, ಕೇಳು."

"ನಮ್ಮನೇಲಿ ಇಟ್ಟಿಗೆಯ ಅಟ್ಟಿ ಆರು ಇದಾವೆ. ಮೊದಲನೇದು ಒಂದೇ ಇಟ್ಟಿಗೆ. ಎರಡನೇದು ಎರಡು ಉದ್ದ, ಎರಡು ಅಗಲ, ಎರಡು ಎತ್ತರ. ಹಿಂಗೇ ಆರರ ತನಕ. ಎಲ್ಲಾನೂ ಕಿತ್ತು ನೆಲಕ್ಕೆ ಹಾಸಿದ್ರೆ ಒಂದೇ ಚೌಕ ಆಗುತ್ತೆ, ಒಂದೂ ಮಿಗಲ್ಲ. ಹೌದೋ ಅಲ್ವೋ?"

"ಅಟ್ಟಿಗೂ ಚೌಕಕ್ಕೂ ಎಲ್ಲಿಯ ನಂಟು? ನಾನು ಓದದ ಲೆಕ್ಕ ಲೆಕ್ಕವೇ ಅಲ್ಲ."

"ಮಿಕ್ಕರೆ ನನ್ನ ದನಿ ತಗೊಳ್ಳಿ. ಮಿಗದಿದ್ರೆ ಬುರುಡೆ ಒಡೆದು ಮರ ಬಿಡಿ. ಇಟ್ಟಿಗೆ ಮಾತ್ರ ನೀವೇ ಹೊರಬೇಕು ಸ್ವಾಮಿ, ನನ್ನಂಥವಳ ಕೈಲಿ ಆಗುತ್ತಾ?" ದಿನಾ ನೂರು ಇಟ್ಟಿಗೆ ಹೊರೋಳು ಹೀಗಂದಳಂತೆ.

ರಾಕ್ಷಸ ಹೊತ್ತ, ಅವಳು ತೋರಿಸಿದ ಕಡೆ ಹಾಸಿದ. ಅದು ಬಾವಿ ಮುಂದಿನ ಕೆಸರು, ಊರವರೆಲ್ಲ ಜಾರಿ ಬೀಳುತ್ತಿದ್ದ ಜಾಗ. ಒಂದು ಹಾಸಿದ, ಎಂಟು ಹಾಸಿದ, ಇಪ್ಪತ್ತೇಳು ಹಾಸಿದ. ಅರವತ್ನಾಕು, ನೂರ ಇಪ್ಪತ್ತೈದು, ಇನ್ನೂರ ಹದಿನಾರು. ಕೊನೆಯ ಇಟ್ಟಿಗೆ ಕೊನೆಯ ಮೂಲೆಯಲ್ಲಿ ಕೂತಿತು. ಈ ಕಡೆ ಇಪ್ಪತ್ತೊಂದು, ಆ ಕಡೆ ಇಪ್ಪತ್ತೊಂದು.

ರಾಕ್ಷಸ ಬೆವರು ಒರೆಸಿಕೊಂಡ. "ಇದನ್ನ ಯಾರೇ ಹೇಳಿಕೊಟ್ಟಿದ್ದು ನಿಂಗೆ?"

"ನಮ್ಮಪ್ಪ. ಅವರ ದನಿ ನಿಮ್ಮ ಬುರುಡೇಲಿದೆ."

ಬುರುಡೆಗಳನ್ನೆಲ್ಲ ಒಡೆದು ಅವನು ಮರ ಬಿಟ್ಟು ಹೋದ. ದನಿಗಳೆಲ್ಲ ಹಾರಿದವು. ಸಾಕವ್ವನದು ಎಲ್ಲಕ್ಕಿಂತ ಮುಂದೆ ಹಾರಿ ಸೊಸೆಯ ಮನೆ ಬಾಗಿಲಲ್ಲೇ ಶುರುವಾಯಿತಂತೆ.

ಹೊನ್ನಿ ನೀರು ಹೊತ್ತು ಮನೆಗೆ ಬಂದಳು. ಅಪ್ಪ ಅಂಗಳದಲ್ಲಿ ನಿಂತಿದ್ದ. ಗಂಟಲು ಸರಿಮಾಡಿಕೊಂಡು, ಬಿಟ್ಟಲ್ಲಿಂದ ಹಿಡಿದ. "ಹದಿನಾರು ಹದಿನಾರ್ಲೆ ಇನ್ನೂರ ಐವತ್ತಾರು." ಹದಿನೇಳು ಆಯ್ತು, ಹದಿನೆಂಟು ಆಯ್ತು. "ಹತ್ತೊಂಬತ್ತು ಹತ್ತೊಂಬತ್ಲೆ ಮುನ್ನೂರ ಅರವತ್ತೊಂದು. ನೋಡ್ದೇನೇ? ನಂಗೆ ಗೊತ್ತಿತ್ತು."

"ಹೂಂ ಅಪ್ಪ" ಅಂದಳಂತೆ ಹೊನ್ನಿ.

ಅವರ ಬಾವಿ ಅಲ್ಲಿ ತುಂಬಿರಲಿ, ನಮ್ಮ ಕೊಡ ಇಲ್ಲಿ ತುಂಬಲಿ.