ದ್ಯಾವಣ್ಣನ ಕಾರು ಗೆರೆ ದಾಟಿದ್ದು

ಹೂಂ ಅನ್ನೋರಿದ್ದರೆ ಹೇಳ್ತೀನಿ, ತೂಕಡಿಸೋರು ಆಚೆ ಹೋಗಿ ಮಲಗಿ.

ಪುಟ್ಟತಾಯಮ್ಮನಿಗೆ ಒಬ್ಬನೇ ಮಗ, ದ್ಯಾವಣ್ಣ. ಕೈ ಚುರುಕು, ತಲೆ ಮಂಕು. ಅವಳ ಅಣ್ಣ ಚಿಕ್ಕತಿಮ್ಮಯ್ಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಣ್ಣನ ಮಗಳು ಮಂಗಳಳನ್ನು ಸೊಸೆ ಮಾಡಿಕೊಳ್ಳಬೇಕೆಂದು ಇವಳಿಗೆ ಬಲು ಆಸೆ.

"ಮೈದಾನದಲ್ಲಿ ಆಟದ ಕಾರುಗಳ ಪಂದ್ಯ ಐತೆ. ನಿನ್ನ ಮಗ ಒಂದು ಕಾರು ಕಟ್ಟಿ ಗೆರೆ ದಾಟಿಸಲಿ, ಹುಡುಗಿ ಕೊಡ್ತೀನಿ!" ಅಂದ ಅಣ್ಣ.

ದ್ಯಾವಣ್ಣ ಕೂತ. ಮೋಟಾರು ಕೂರಿಸಿದ, ವೈರು ಬೆಸೆದ, ದಾರಿ ನೋಡಲು ಮುಂದೆ ಎರಡು ಕಣ್ಣು ಇಟ್ಟ. ಒಂದು ಬಟನ್ ಒತ್ತಿದರೆ ಕಾರು ತಾನೇ ಓಡುತ್ತೆ, ಇನ್ನೊಂದು ಒತ್ತಿದರೆ ರಿಮೋಟಿನ ಮಾತು ಕೇಳುತ್ತೆ. ಮೊದಲನೇದು ಒತ್ತಿದ. ಕಾರು ಗೋಡೆ ಕಂಡು ತಿರುಗಿತು, ಚರಂಡಿ ಕಾಣದೆ ಬಿತ್ತು. ಇವನು ನೋಡುತ್ತಾ ನಿಂತ.

"ಯಾಕೋ ನಿಂತೆ?"

"ತಾನೇ ಓಡೋ ಕಾರಲ್ವೇನವ್ವ?"

"ಅಯ್ಯೋ ಪೆದ್ದೇ! ತಾನಾಗಿ ಹೋದ್ರೆ ಬಿಟ್ಟುಬಿಡ್ತಾರೇನೋ? ಹಿಂದೆ ಓಡಿ ಎತ್ಕೊಂಡು ಬರಬೇಕು!"

"ಹೂಂ ಕಣವ್ವ!"

ಮಾರನೇ ದಿನ ಮಾವ ಬಂದ, ಕಾಫಿ ಕುಡಿದ, ತಾನಾಗಿ ಹೊರಟ. ದ್ಯಾವಣ್ಣ ಹಿಂದೆ ಓಡಿದ, ಮಾವನನ್ನು ಹೆಗಲಿಗೇರಿಸಿಕೊಂಡು ಬಂದು ನಡುಮನೆಯಲ್ಲಿ ಇಳಿಸಿದ. ಮಾವನ ಒಂದು ಚಪ್ಪಲಿ ಬೀದಿಯಲ್ಲೇ ಉಳಿಯಿತು.

"ಲೋ ಮಂಕೇ! ಕೈ ಹಚ್ಚಬಾರದು ಕಣೋ! ಓಡೋದನ್ನ ದೂರ ನಿಂತು ರಿಮೋಟ್ ಒತ್ತಿ ನಿಲ್ಲಿಸಬೇಕು!"

"ಹೂಂ ಕಣವ್ವ!"

ಸಂಜೆ ಒಲೆ ಮೇಲೆ ಹಾಲು ಉಕ್ಕಿತು. ದ್ಯಾವಣ್ಣ ಬಾಗಿಲಲ್ಲಿ ದೂರ ನಿಂತ. ರಿಮೋಟ್ ಒತ್ತಿದ, ಒತ್ತಿದ, ಒತ್ತಿದ. ಹಾಲೆಲ್ಲ ಒಲೆ ಪಾಲು!

ಪುಟ್ಟತಾಯಮ್ಮ ಹಣೆ ಚಚ್ಚಿಕೊಂಡಳು. "ನಿನ್ನ ಬುದ್ಧಿಗೆ ಕೈ ಮುಗಿದೆ ಮಗನೇ! ನಾಳೆ ಪಂದ್ಯ. ಊರೋರು ಹೊಸ ಗಾಡಿ ಹೆಂಗೆ ಹೊರಡಿಸ್ತಾರೋ ಹಂಗೇ ಹೊರಡಿಸು!"

"ಹೂಂ ಕಣವ್ವ!"

ಬೆಳಗಾಯಿತು. ಮೈದಾನದಲ್ಲಿ ಹತ್ತು ಕಾರು ಸಾಲಾಗಿ ನಿಂತವು. ಆ ತುದಿಯಲ್ಲಿ ಸುಣ್ಣದ ಗೆರೆ. ದ್ಯಾವಣ್ಣ ಕಾರಿಗೆ ಕುಂಕುಮ ಇಟ್ಟ, ಹೂ ಮುಡಿಸಿದ, ಕರ್ಪೂರ ಬೆಳಗಿದ, ನಾಲ್ಕು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟ. ಲಾರಿಯಾದರೆ ಹಣ್ಣು ಅಪ್ಪಚ್ಚಿಯಾಗುತ್ತಿತ್ತು. ಇದು ಅಂಗೈ ಅಗಲದ ಕಾರು, ಹಣ್ಣಿನ ಮೇಲೆ ಹತ್ತಿ ಕೂತಿತು! ಸೀಟಿ ಊದಿದರು. ಒಂಬತ್ತು ಕಾರು ಓಡಿದವು. ಇವನದು ನಿಂತಲ್ಲೇ ಗಿರ್ರ್ ಅಂದಿತು.

ಪಂದ್ಯ ನೋಡಲು ಬಂದು ಕೂತಿದ್ದ ಮಾವ ಮುಖ ತಿರುಗಿಸಿ ಮೇಲೆದ್ದ. ಪುಟ್ಟತಾಯಮ್ಮನಿಗೆ ಅಳುವೇ ಬಂತು. "ಸೊಸೆ ಹೋಯ್ತಲ್ಲೋ! ಹೆಂಗಾದ್ರೂ ಮಾಡಿ ಕಾರು ಗೆರೆ ಆಚೆಗಿರೋ ಹಂಗೆ ಮಾಡೋ!"

"ಅಷ್ಟೇ ತಾನೇ ಅವ್ವ?"

ಓಡಿದ ದ್ಯಾವಣ್ಣ ಆ ತುದಿಗೆ. ಕಾಲಲ್ಲಿ ಗೆರೆ ಅಳಿಸಿದ, ಅಲ್ಲೇ ಇದ್ದ ಸುಣ್ಣದ ಬುಟ್ಟಿ ಎತ್ತಿಕೊಂಡು ಬಂದ, ನಿಂತ ಕಾರಿನ ಬೆನ್ನ ಹಿಂದೆ ಹೊಸ ಗೆರೆ ಎಳೆದ, ಕೈ ಕೊಡವಿದ.

"ದಾಟ್ತು ನೋಡವ್ವ! ಮಾವ, ಎಲ್ಲಿಗೆ ಹೊರಟ್ರಿ? ಹುಡುಗೀನ ಕರೀರಿ!"