ಕೂಗದ ಸೈರನ್

ಹೊಳೆಯ ದಂಡೆಗೆ ಒಂದು ಮಠ. ಮಠದ ಕೋಣೆಯಲ್ಲಿ ಒಂದು ಹಳೆಯ ಯುನಿಕ್ಸ್ ಕಂಪ್ಯೂಟರ್. ಹೊಳೆ ಏರಿದರೆ ಅದು ಸೈರನ್ ಕೂಗಿಸಬೇಕು. ನೋಡಿಕೊಳ್ಳುವವನು ಶಿಷ್ಯ ಕೊಟ್ರೇಶ.

ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆ ಏರಿತು. ಸೈರನ್ ಕೂಗಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹುಲಿಗೆವ್ವ ಕೊಚ್ಚಿಹೋದಳು.

ಮೂರನೇ ದಿನ ಅವಳ ಗಂಡ ದ್ಯಾವಪ್ಪ ಬಂದ. ಹರಿಗೋಲು ಹಾಕುವವನು.

"ಯಾಕ ಕೂಗಲಿಲ್ಲ?"

"ಕಂಪ್ಯೂಟರ್ ಕ್ರ್ಯಾಶ್ ಆಗಿತ್ತು" ಎಂದ ಕೊಟ್ರೇಶ.

"ಅದ ಯಾಕ?"

ಕೊಟ್ರೇಶ ಕಂಪ್ಯೂಟರ್ ಕಡೆ ತಿರುಗಿದ. ದ್ಯಾವಪ್ಪ ಹೊಸ್ತಿಲಿಂದಲೇ ಹೊರಟು ಹೋದ.

ಗುರುಗಳು ಕೇಳಿದರು, "ಕಂಪ್ಯೂಟರ್ ಬಿದ್ದದ್ದು ನೋಡಿ ಏನು ಮಾಡಿದಿ?"

"ಲಗೂನ ಮತ್ತ ಚಾಲೂ ಮಾಡಿದೆ ಅಜ್ಜಾರ."

"ಸಾಯೋವಾಗ ಅದರ ನೆನಪಿನಾಗ ಏನಿತ್ತು?"

"ಚಾಲೂ ಮಾಡಿದ ಕೂಡ್ಲೇ ಅಳಿಸಿಹೋತ್ರಿ. ಅದನ್ನ ಬರೆದಿಡೋ ಏರ್ಪಾಡು ಐತಿ, ಕ್ರ್ಯಾಶ್ ಡಂಪ್ ಅಂತಾರ. ಅದಕ್ಕ ಮೊದಲ ಒಂದಿಷ್ಟು ಮೆಮೊರಿ ಖಾಲಿ ಬಿಡಬೇಕು. ದಂಡ ಅಂತ ನಾ ಬಿಟ್ಟಿರಲಿಲ್ಲ."

"ಶಾಣ್ಯಾ ಅದಿ. ಈಗ ಖಾಲಿ ಬಿಡು."

ಮಧ್ಯಾಹ್ನಕ್ಕೆ ಕೊಟ್ರೇಶ ಬಂದ. "ಬಿಟ್ಟೀನ್ರಿ. ಡಂಪ್ ಬರೆಯೋ ಜಾಗಾನೂ ಅದಕ್ಕ ತೋರಿಸೀನಿ."

"ಕೆಡವಿ ನೋಡಿದಿ?"

"ನಡಿಯೋದನ್ನ ಬೇಕಂತ ಹೆಂಗ ಕೆಡವಲಿ ಅಜ್ಜಾರ?"

"ಕೆಡವು. ಅಲ್ಲೀತನಕ ಹೊಳಿ ನಾ ನೋಡ್ತೀನಿ."

ಗುರುಗಳು ಗಂಟೆ ಹಿಡಿದು ಮೆಟ್ಟಿಲ ಮೇಲೆ ಕೂತರು.

ಕೊಟ್ರೇಶ ಆಜ್ಞೆ ಟೈಪ್ ಮಾಡಿ ಕೆಡವಿದ. ಪರದೆ ಕಪ್ಪಾಯಿತು. ಆಮೇಲೆ ತಾನೇ ಎದ್ದಿತು.

ಡಂಪ್ ಇರಬೇಕಾದ ಕಡೆ ಏನೂ ಇರಲಿಲ್ಲ. ಡಿಸ್ಕಿನಲ್ಲಿ ಜಾಗ ಸಾಲದೆ ಬರೆಯುವುದು ನಿಂತುಹೋಗಿತ್ತು.

ಹೊರಗೆ ಬಂದು ಹೇಳಿದ. ಗುರುಗಳು ಹೊಳೆಯಿಂದ ಕಣ್ಣು ತೆಗೆಯಲಿಲ್ಲ.

"ಮತ್ತ ಕೆಡವು."

ಜಾಗ ದೊಡ್ಡದು ಮಾಡಿದ. ಮತ್ತೆ ಕೆಡವಿದ. ಈ ಸಲ ಡಂಪ್ ಇತ್ತು. ತೆರೆದು ಓದಿದ. ಯಾವುದರಿಂದ ಬಿತ್ತು ಅಂತ ಕೊನೆಗೆ ಬರೆದಿತ್ತು.

ಓಡಿ ಬಂದ. "ಇನ್ನ ಬಿದ್ದರ ಯಾಕ ಬಿತ್ತು ಅಂತ ಗೊತ್ತಾಗತೈತಿ ಅಜ್ಜಾರ!"

"ಅವತ್ತು ಯಾಕ ಬಿತ್ತು?"

ಕೊಟ್ರೇಶ ಅಲ್ಲೇ ಕೂತುಬಿಟ್ಟ.

"ಅದು ಇನ್ನ ಎಂದೂ ಗೊತ್ತಾಗೂದಿಲ್ರಿ."

"ದ್ಯಾವಪ್ಪಗ ಹೇಳಿ ಬಾ."

"ಗೊತ್ತಿಲ್ಲ ಅಂತ ಹೇಳಾಕ ಹೋಗ್ಲಾ? ಯಾವ ಮಾರಿ ಹೊತ್ತು ಹೋಗ್ಲಿ ಅಜ್ಜಾರ?"

ಗುರುಗಳು ಗಂಟೆ ಕೆಳಗಿಟ್ಟರು.

"ಹೊಸ್ತಿಲದಾಗ ನಿಂತು ಹೇಳಬ್ಯಾಡ. ಒಳಗ ಹೋಗಿ ಕೂಡು. ಅವ ಎಷ್ಟು ಸಲ ಕೇಳ್ತಾನೋ, ಅಷ್ಟೂ ಸಲ ಹೇಳು."